ಬಾನೆಟ್ಟಿನ ಮೇಲೆ ಅರಿಶಿನ

ಪೆಟ್ರೋಲ್ ವಾಸನೆ ಬಂದರೆ ನನಗೆ ಈಗಲೂ ಡಾಕ್ಟರ ಕಾರು ನೆನಪಾಗುತ್ತದೆ. ಬಸವನಗುಡಿಯ ನಮ್ಮ ಬೀದಿಗೆ ವಾರಕ್ಕೊಮ್ಮೆ ಬರುತ್ತಿದ್ದ ಆ ಕಪ್ಪು ಕಾರಿನ ಹತ್ತಿರ ಹೋದರೆ ಮೊದಲು ಪೆಟ್ರೋಲ್, ಆಮೇಲೆ ಬಿಸಿಲಿಗೆ ಕಾದ ರೆಕ್ಸಿನ್, ಕೊನೆಗೆ ಸ್ವಲ್ಪ ಸ್ಪಿರಿಟ್ಟಿನ ವಾಸನೆ ಒಂದರ ಹಿಂದೆ ಒಂದು ಬರುತ್ತಿದ್ದವು. ನನ್ನ ತಮ್ಮ ವೆಂಕಟಾಚಲನಿಗೆ ಆಗ ನಾಲ್ಕು ವರ್ಷ. ಟ್ಯಾಂಕಿನ ಮುಚ್ಚಳಕ್ಕೆ ಮೂಗಿಟ್ಟು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ರೋಗಿಯನ್ನು ನೋಡಿ ಬಂದ ಡಾಕ್ಟರು ಬೈಯುತ್ತಿರಲಿಲ್ಲ. ಅವನನ್ನು ಎತ್ತಿ ಪಕ್ಕಕ್ಕಿಟ್ಟು, ತಲೆ ಸವರಿ ಹೊರಡುತ್ತಿದ್ದರು. ಅಂದಿನಿಂದ ತನಗೆ ವಾಹನಗಳ ವಿಷಯ ಗೊತ್ತು ಎಂಬ ಭಾವನೆ ಅವನಲ್ಲಿ ಬೇರೂರಿತು. ಅರವತ್ತೆರಡು ವರ್ಷ ಕಳೆದರೂ ಅದು ಹೋಗಲಿಲ್ಲ.

ದೊಡ್ಡವನಾದ ಮೇಲೆ ಅವನು ಒಂದು ಸರ್ಕಾರಿ ಇಲಾಖೆಯ ವಾಹನ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದ. ಯಾವ ಸಾಹೇಬರಿಗೆ ಯಾವ ಜೀಪು ಎಂದು ಚೀಟಿ ಬರೆಯುವುದು ಅವನ ಕೆಲಸ. ಜೀಪುಗಳು ಕಿಟಕಿಯ ಆಚೆ ನಿಂತಿರುತ್ತಿದ್ದವು, ಅವನು ಈಚೆ ಕೂತಿರುತ್ತಿದ್ದ. ಸ್ವಂತಕ್ಕೆ ಒಂದು ಚಿಕ್ಕ ಹಳೆಯ ಕಾರನ್ನು ಹನ್ನೊಂದು ವರ್ಷ ಇಟ್ಟುಕೊಂಡಿದ್ದ. ಅದನ್ನು ಬಹುಪಾಲು ಎರಡನೇ ಗೇರಿನಲ್ಲೇ ಓಡಿಸಿದ. ಮೂರನೆಯದಕ್ಕೆ ಹಾಕುವಷ್ಟರಲ್ಲಿ ಮನೆ ಬಂದುಬಿಡುತ್ತದೆ ಎನ್ನುತ್ತಿದ್ದ.

ಜಯನಗರ ಏಳನೇ ಬ್ಲಾಕಿನಲ್ಲಿ ಅವನೂ ಅವನ ಹೆಂಡತಿ ಕಾತ್ಯಾಯಿನಿಯೂ ಕೆಳಗಿನ ಮನೆಯಲ್ಲಿದ್ದಾರೆ, ನಾನು ಮಹಡಿಯಲ್ಲಿದ್ದೇನೆ. ಆದ್ದರಿಂದ ಆ ಗುರುವಾರ ಸಂಜೆ ಎದುರು ಮನೆಯ ರಘು ಒಂದು ಫಾರಂ ಹಿಡಿದು ಬಂದಾಗ ನಾನೂ ಅಲ್ಲಿಯೇ ಇದ್ದೆ.

ರಘು ಚಿಕ್ಕಬೈರಪ್ಪನವರ ಮಗ. ಅವರು ಹುಳಿಮಾವಿನಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲಗಳೆಲ್ಲ ಬಡಾವಣೆಗಳಾದ ಮೇಲೆ ನಮ್ಮ ಎದುರಿಗೆ ಬಂದು ಮೂರು ಮಹಡಿ ಕಟ್ಟಿಸಿದ್ದಾರೆ. ಬೊಮ್ಮನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇದೆ. ಮಗ ಅಂಗಡಿಯಲ್ಲಿ ಕೂರಲಿ ಎಂದು ತಂದೆ, ಕೂರುವುದಿಲ್ಲ ಎಂದು ಮಗ. ಹೊರದೇಶದ ಕಾರು ತರಿಸುವ ಒಂದು ಕಂಪನಿಗೆ ಅವನು ಸೇರಿದ್ದ. ಆರು ತಿಂಗಳ ಪ್ರೊಬೇಷನ್ನು ಬರುವ ಸೋಮವಾರಕ್ಕೆ ಮುಗಿಯುತ್ತಿತ್ತು. ಕೆಲಸ ಖಾಯಂ ಆದರೆ ಸರಿ, ಇಲ್ಲವಾದರೆ ಮಂಗಳವಾರದಿಂದ ಅಂಗಡಿ ಎಂದು ಚಿಕ್ಕಬೈರಪ್ಪನವರು ತೀರ್ಪು ಕೊಟ್ಟಾಗಿತ್ತು. ಆ ಕೆಲಸವನ್ನು ಅವರು ಕೆಲಸ ಎಂದು ಕರೆಯುತ್ತಲೇ ಇರಲಿಲ್ಲ. "ನಮ್ಮುಡ್ಗ ಎಲ್ಲೋ ಓಗ್ ಬತ್ತವ್ನೆ" ಎನ್ನುತ್ತಿದ್ದರು.

ಕಂಪನಿ ಒಂದೇ ಬಗೆಯ ಐದು ಪುಟ್ಟ ಪೆಟ್ರೋಲ್ ಎಸ್‌ಯುವಿಗಳನ್ನು ಹಡಗಿನಲ್ಲಿ ತರಿಸಿತ್ತು. ಮಂಡ್ಯ, ತುಮಕೂರು, ಹಾಸನ ಮೊದಲಾದ ಏಳು ಊರಿನ ಡೀಲರುಗಳು ಅದನ್ನು ಮಾರಲು ಒಪ್ಪುವ ಮೊದಲು ಐದು ಸಾಧಾರಣ ಮನೆಯವರು ಮೂರು ದಿನ ಇಟ್ಟುಕೊಂಡು ಓಡಿಸಿ, ನಲವತ್ತು ಪ್ರಶ್ನೆಗೆ ಉತ್ತರ ಬರೆಯಬೇಕು. ಐದು ಮನೆಗಳಲ್ಲಿ ಒಂದನ್ನು ಹುಡುಕಿ, ಕಾರನ್ನು ಕ್ಷೇಮವಾಗಿ ವಾಪಸು ತಲುಪಿಸುವುದು ರಘುವಿನ ಪಾಲಿನ ಪರೀಕ್ಷೆ.

"ಮೂರೇ ಕಂಡೀಷನ್ನು ಅಂಕಲ್," ಎಂದ ರಘು. "ಗಾಡಿಗೆ ಗೀರು ಬೀಳಬಾರ್ದು. ಸೋಮವಾರ ಹತ್ತು ಗಂಟೆಗೆ ಫಾರಂ ಸಮೇತ ತಲಘಟ್ಟಪುರದ ಯಾರ್ಡಲ್ಲಿರ್ಬೇಕು. ಆಮೇಲೆ, ಇದು ಕಂಪನಿ ಗಾಡಿ ಅಂತ ಯಾರಿಗೂ ಗೊತ್ತಾಗ್ಬಾರ್ದು. ಲಾಂಚ್ ಆಗೋವರೆಗೂ ಸೀಕ್ರೆಟ್ಟು."

"ನಿಮ್ಮಮ್ಮನಿಗೆ ಹೇಳಿದೀಯೇನಪ್ಪ?" ಎಂದೆ.

"ಅಮ್ಮನಿಗೆ ಹೇಳಿದ್ರೆ ಸಂಜೆ ಒಳಗೆ ಹುಳಿಮಾವು ಪೂರ್ತಿ ಗೊತ್ತಿರತ್ತೆ ದೊಡ್ಡಮ್ಮ."

"ಗುಟ್ಟಿನ ವಿಷಯ ನನಗೆ ಬಿಡು," ಎಂದ ವೆಂಕಟಾಚಲ. "ಇಲಾಖೇಲಿ ಎಂತೆಂಥಾ ಗುಟ್ಟು ಇಟ್ಕೊಂಡಿದೀನಿ."

"ಯಾವುದು?" ಎಂದಳು ಕಾತ್ಯಾಯಿನಿ.

"ಅದೇ, ಹೇಳೋ ಹಾಗಿಲ್ಲ."

ಫಾರಮ್ಮಿನಲ್ಲಿ ಅನುಭವ ಎಂಬ ಜಾಗದಲ್ಲಿ ಅವನು ದುಂಡಾದ ಅಕ್ಷರದಲ್ಲಿ ಬರೆದ: ವಾಹನ ಕ್ಷೇತ್ರದಲ್ಲಿ ಮೂವತ್ತನಾಲ್ಕು ವರ್ಷ. ಕಿಟಕಿಯ ವಿಷಯ ಬರೆಯಲು ಜಾಗ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾರು ಬಂತು. ಹಾಲಿನಷ್ಟು ಬಿಳುಪು. ಮೂಗಿನ ಮೇಲಿದ್ದ ಹೆಸರಿಗೆ ಕಪ್ಪು ಟೇಪು ಸುತ್ತಿದ್ದರು. ಒಳಗಿನ ಸೀಟುಗಳಿಗೆ ಪ್ಲಾಸ್ಟಿಕ್ಕು. ಬೀಗದ ಕೈ ಅಂದರೆ ಒಂದು ಕರಿಯ ಬಿಲ್ಲೆ, ಅದನ್ನು ಎಲ್ಲಿಯೂ ತೂರಿಸುವ ಹಾಗಿಲ್ಲ, ಜೇಬಿನಲ್ಲಿದ್ದರೆ ಸಾಕು. ವೆಂಕಟಾಚಲ ಅದನ್ನು ತೂರಿಸಲು ಕಾಲು ಗಂಟೆ ಜಾಗ ಹುಡುಕಿದ. ಕೊನೆಗೆ ಯಾವುದೋ ಗುಂಡಿ ಒತ್ತಿ ಕಾರು ಎದ್ದಾಗ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಸ್ವಾಗತ ಕೋರಿತು. ಅವನು ಗಾಬರಿಯಾಗಿ ನಮಸ್ಕಾರ ಎಂದ.

ಇನ್ನೊಂದು ವಿಚಿತ್ರವೆಂದರೆ, ಅವನ ಹಳೆಯ ಕಾರಿನಲ್ಲಿ ಇಂಡಿಕೇಟರಿನ ಕಡ್ಡಿ ಇದ್ದ ಕಡೆ ಇದರಲ್ಲಿ ವೈಪರಿನ ಕಡ್ಡಿ ಇತ್ತು. ಗೇಟಿನಿಂದ ಬಲಕ್ಕೆ ತಿರುಗುವಾಗ ಸುಡು ಬಿಸಿಲಿನಲ್ಲಿ ಎರಡು ವೈಪರುಗಳೂ ಎದ್ದು ಕೈಬೀಸಿದವು. ನಮ್ಮ ಬೀದಿಯ ಸಂಘದ ಕಾರ್ಯದರ್ಶಿ ವೇಣು ತನಗೇ ಕೈಬೀಸಿದ್ದೆಂದು ತಿಳಿದು ಹತ್ತಿರ ಬಂದ.

"ಹೊಸದಾ ಸಾರ್?"

ವೆಂಕಟಾಚಲ ನಕ್ಕ. ನಗುವುದರಿಂದ ಯಾವ ಕಂಡೀಷನ್ನೂ ಮುರಿಯುವುದಿಲ್ಲ.

"ಇಂಪೋರ್ಟೆಡ್ಡಾ?"

"ಹಡಗಲ್ಲಿ ಬಂದಿದ್ದು."

ಅದು ನಿಜವಾದ ಮಾತು, ಆದರೆ ಬೇಕಾಗಿರಲಿಲ್ಲ. ಹತ್ತು ನಿಮಿಷದಲ್ಲಿ ಬೀದಿಯ ಇಪ್ಪತ್ತೆರಡು ಮನೆಗಳಿಗೂ ಹಡಗು ತಲುಪಿತು. ಮಧ್ಯಾಹ್ನದ ಹೊತ್ತಿಗೆ ವೇಣು ಮತ್ತೆ ಬಂದು, ನವೆಂಬರಿನ ರಾಜ್ಯೋತ್ಸವಕ್ಕೆ ವೆಂಕಟಾಚಲನೇ ಮುಖ್ಯ ಅತಿಥಿ ಎಂದೂ, ಭುವನೇಶ್ವರಿಯ ಪಟ ಅವನ ಕಾರಿನ ಮೇಲೆಯೇ ಬರುತ್ತದೆ ಎಂದೂ ತಿಳಿಸಿ ಹೋದ. ಇವನು ಆಗಲೂ ನಕ್ಕ.

"ನಗೋದು ನಿಲ್ಸಿ," ಎಂದಳು ಕಾತ್ಯಾಯಿನಿ. "ಒಂದೊಂದು ನಗೂಗೂ ಒಂದೊಂದು ಒಪ್ಕೋತಾ ಇದೀರ."

ಶನಿವಾರ ಬಂಧುಗಳ ಸರದಿ. ಕಾತ್ಯಾಯಿನಿಯ ಅಣ್ಣನ ಮಗಳು ಅರ್ಪಿತ ಮೆಟ್ರೋ ಹಿಡಿದು ಮಲ್ಲೇಶ್ವರದಿಂದ ಬಂದಳು. ಕಾರಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿ, ವಿಡಿಯೋ ತೆಗೆದು, ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಆಮೇಲೆ ಒಳಗೆ ಬಂದು ಚಪ್ಪಲಿ ಬಿಟ್ಟಳು.

"ಅತ್ತೆ, ನಮಗೆ ಒಂದ್ ಮಾತು ಹೇಳ್ಲಿಲ್ಲ. ಅಪ್ಪ ಬೇಜಾರ್ ಮಾಡ್ಕೊಂಡು ಉಪ್ಪಿಟ್ಟು ಅರ್ಧಕ್ಕೇ ಬಿಟ್ಬಿಟ್ರು. ಇರ್ಲಿ, ನನ್ನ ಎಂಗೇಜ್ಮೆಂಟಿಗೆ ಇದೇ ಗಾಡೀಲಿ ಹೋಗೋದು. ಮಾವ, ಪ್ರಾಮಿಸ್?"

ಕಾತ್ಯಾಯಿನಿ ಗಂಡನ ಬಾಯನ್ನೇ ನೋಡುತ್ತಿದ್ದಳು. ಅವನು ತುಟಿ ಬಿಗಿಹಿಡಿದ. ಆದರೆ ಕಣ್ಣು ನಕ್ಕಿತು. ಅರ್ಪಿತಳಿಗೆ ಅಷ್ಟು ಸಾಕಾಯಿತು.

ಇಷ್ಟರ ನಡುವೆಯೂ ಅವನು ಫಾರಮ್ಮನ್ನು ಮರೆತಿರಲಿಲ್ಲ. ಅದನ್ನು ನಾನು ಒಪ್ಪಬೇಕು. ಎರಡು ದಿನವೂ ಒಂದು ಕಡೆ ಕೂರಲಿಲ್ಲ. ಸಾಮಾನಿನ ಜಾಗ ಎಷ್ಟು ಎಂಬ ಪ್ರಶ್ನೆಗೆ ಗ್ಯಾಸ್ ಸಿಲಿಂಡರು, ಇಪ್ಪತ್ತೈದು ಕಿಲೋ ಸೋನಾಮಸೂರಿ ಮೂಟೆ, ನನ್ನ ತಂಬೂರಿ ಮೂರನ್ನೂ ಡಿಕ್ಕಿಯಲ್ಲಿಟ್ಟು ನೋಡಿದ. ತಂಬೂರಿ ಹಿಡಿಯಲಿಲ್ಲ ಎಂದು ಬರೆದ. ವಯಸ್ಸಾದವರಿಗೆ ಹಿಂದಿನ ಸೀಟು ಹೇಗಿದೆ ಎಂಬ ಪ್ರಶ್ನೆಗೆ ನನ್ನನ್ನೇ ಕೂರಿಸಿದ. ರಸ್ತೆಯ ಕುಲುಕಾಟ ಅಳೆಯಲು ಅವನು ಕಂಡುಹಿಡಿದ ವಿಧಾನ ಯಾವ ಕಾರ್ಖಾನೆಯಲ್ಲೂ ಇರಲಾರದು. ಲೋಟ ಬಟ್ಟಲಿನಲ್ಲಿ ಬಿಸಿ ಕಾಫಿ ತಂದು ನನ್ನ ಕೈಗೆ ಕೊಟ್ಟು, ನಾಲ್ಕನೇ ಬ್ಲಾಕಿನ ಕಡೆ ಹೊರಟ.

"ಎಷ್ಟು ಚೆಲ್ಲತ್ತೆ ನೋಡ್ತಿರು ಅಕ್ಕ."

ದಾರಿಯಲ್ಲಿ ಹದಿನಾಲ್ಕು ಹಂಪು. ಮೊದಲನೆಯ ಹಂಪಿನಲ್ಲಿ ಕಾಫಿ ಲೋಟದಿಂದ ಬಟ್ಟಲಿಗೆ ಹೋಯಿತು. ಎರಡನೆಯದರಲ್ಲಿ ಬಟ್ಟಲಿನಿಂದ ಲೋಟಕ್ಕೆ ಬಂತು. ಆರನೆಯ ಹಂಪಿನ ಹೊತ್ತಿಗೆ ಕಾಫಿ ಹದವಾಗಿ ಆರಿತ್ತು, ನಾನು ಕುಡಿದೆ. ಅವನು ಹಾಗೆಯೇ ಬರೆದುಕೊಂಡ.

ಸೌತ್ ಎಂಡ್ ಸರ್ಕಲ್ಲಿನ ಹತ್ತಿರ ಟ್ರಾಫಿಕ್ ಪೊಲೀಸ್ ಒಬ್ಬರು ಕೈ ಅಡ್ಡ ಹಿಡಿದರು.

"ಏನ್ ಸಾರ್ ಇದು, ಮೋಡಾನೂ ಇಲ್ಲ, ವೈಪರ್ ಹಾಕ್ಕೊಂಡಿದೀರ?"

"ಬಲಕ್ಕೆ ತಿರುಗ್ತಾ ಇದೀನಿ."

ಅವರು ಸ್ವಲ್ಪ ಹೊತ್ತು ವೈಪರನ್ನೂ, ಅವನ ಬೆವರಿದ ಮುಖವನ್ನೂ, ಹಿಂದೆ ಖಾಲಿ ಲೋಟ ಹಿಡಿದು ಕೂತಿದ್ದ ನನ್ನನ್ನೂ ನೋಡಿದರು. ಏನು ಅರ್ಥವಾಯಿತೋ, ಎದುರಿನ ಬಸ್ಸನ್ನು ನಿಲ್ಲಿಸಿ, "ತಿರುಗಿ ಸಾರ್, ನಿಧಾನ," ಎಂದರು. ಅವರ ಹೆಸರು ಕೇಳಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಭಾನುವಾರ ಬೆಳಿಗ್ಗೆ ರಘುವಿನ ತಾಯಿ ಸೊಣ್ಣಮ್ಮ ಮಹಡಿ ಹತ್ತಿ ಬಂದಳು. ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು. ಅವಳು ಬರಿಗೈಯಲ್ಲಿ ಎಂದೂ ಬಂದವಳಲ್ಲ.

"ಯಾಕ್ ದೊಡ್ಡಮ್ಮ, ಗಾಡಿ ಬಂದು ಮೂರ್ ದಿನ ಆಯ್ತು. ಚಕ್ರದ ಕೆಳೀಕೆ ಒಂದು ನಿಂಬೆಹಣ್ಣು ಇಲ್ಲ, ಮುಂದ್ಗಡೆ ಒಂದು ಬೊಟ್ಟು ಕುಂಕುಮ ಇಲ್ಲ. ಬೋಳಾಗಿ ನಿಂತೈತೆ. ನೋಡಕ್ಕಾಗಕಿಲ್ಲ ನಂಗೆ."

ಅದು ಅವಳ ಮಗನೇ ತಂದು ನಿಲ್ಲಿಸಿದ ಕಾರು. ಹೇಳುವಂತಿಲ್ಲ. "ಒಳ್ಳೆ ದಿನ ನೋಡಿ ಮಾಡೋಣ ಅಂತ..." ಎಂದು ರಾಗ ಎಳೆದೆ.

"ಇವತ್ತೇ ಒಳ್ಳೆ ದಿನ. ನೀವೆಲ್ಲ ವಯಸ್ಸಾದೋರು, ಓಡಾಡಕ್ಕಾಗಕಿಲ್ಲ, ನಂಗೊತ್ತಿಲ್ವ? ಎಲ್ಲ ನಾನೇ ತತ್ತೀನಿ. ನೀವು ಸುಮ್ಕೆ ಬಂದು ನಿಂತ್ಕಳಿ, ಸಾಕು."

ಕೆಳಗೆ ಹೋಗಿ ಕಾತ್ಯಾಯಿನಿಗೆ ವಿಷಯ ತಿಳಿಸಿದೆ. ಬೇಡ ಅನ್ನು ಎಂದೆ.

"ಪೂಜೆ ಬೇಡ ಅಂತ ಹೇಗ್ ಹೇಳೋದು?" ಎಂದಳು ಅವಳು. "ನೀವೇ ಹೇಳಿ, ನೋಡೋಣ."

ನಾನು ಮನಸ್ಸಿನಲ್ಲೇ ಹೇಳಿ ನೋಡಿದೆ. ಊಟ ಬೇಡ ಅನ್ನಬಹುದು, ಕಾಫಿ ಬೇಡ ಅನ್ನಬಹುದು. ಅಕ್ಕರೆಯಿಂದ ತಂದ ಅರಿಶಿನ ಕುಂಕುಮವನ್ನು ಬೇಡ ಅನ್ನುವ ಮಾತು ನಮ್ಮಂಥವರ ಬಾಯಲ್ಲಿ ಹುಟ್ಟುವುದೇ ಇಲ್ಲ. ವೆಂಕಟಾಚಲ ರಘುವಿಗೆ ಹನ್ನೊಂದು ಸಲ ಫೋನು ಮಾಡಿದ. ಆ ಹುಡುಗ ಮರುದಿನದ ಸಭೆಗೆ ಯಾರ್ಡಿನಲ್ಲಿ ಕುರ್ಚಿ ಜೋಡಿಸುತ್ತಿದ್ದ, ಫೋನು ಎತ್ತಲಿಲ್ಲ. ಇವನು ಗೇಟಿಗೂ ಕಿಟಕಿಗೂ ಓಡಾಡಿದ. ನಾಲ್ಕು ಗಂಟೆಗೆ ಬೀದಿ ಪೂರ್ತಿ ನಮ್ಮ ಗೇಟಿನ ಮುಂದಿತ್ತು.

ಸೊಣ್ಣಮ್ಮನಿಗೆ ಅರೆಮನಸ್ಸಿನ ಕೆಲಸ ಗೊತ್ತಿಲ್ಲ. ಅರಿಶಿನವನ್ನು ಎಣ್ಣೆ ಹಾಕಿ ಕಲಸಿ, ಬಿಳಿ ಬಾನೆಟ್ಟಿನ ಮೇಲೆ ಮೂರು ಬೆರಳಲ್ಲಿ ಉದ್ದುದ್ದ ಪಟ್ಟೆ ಎಳೆದಳು. ನಡುವೆ ರೂಪಾಯಿಯಗಲ ಕುಂಕುಮ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಕಾರಿನ ಮೂಗಿಗೆ ಅಡ್ಡಲಾಗಿ ತೋಳುದಪ್ಪದ ಚೆಂಡುಹೂವಿನ ಹಾರ. ತೆಂಗಿನಕಾಯಿಯನ್ನು ಅವಳು ಒಡೆದ ರಭಸಕ್ಕೆ ಒಂದು ಚಿಪ್ಪು ಹಾರಿ ಬಾನೆಟ್ಟಿಗೆ ಬಡಿದು ಬಿತ್ತು. ವೆಂಕಟಾಚಲ ಕಣ್ಣು ಮುಚ್ಚಿಕೊಂಡ. ಭಕ್ತಿ ಎಂದು ಎಲ್ಲರೂ ತಿಳಿದರು.

"ಈಗ ಮುಂದಕ್ ಬಿಡಿ ಸ್ವಾಮಿ," ಎಂದಳು ಸೊಣ್ಣಮ್ಮ.

ಕಾರು ಒಂದು ಬೆರಳು ಚಲಿಸಿ ಗಕ್ಕನೆ ನಿಂತಿತು. ಒಳಗಿನಿಂದ ಪೀಂ ಪೀಂ ಸದ್ದು. ಹೆಣ್ಣುದನಿ ಇಂಗ್ಲಿಷಿನಲ್ಲಿ ಏನೋ ಹೇಳಿತು.

"ಏನಂತಾಳೆ ಒಳಗಿರೋಳು?"

"ಎದುರಿಗೆ ಏನೋ ಅಡ್ಡ ಇದೆ ಅಂತಾಳೆ," ಎಂದ ವೆಂಕಟಾಚಲ.

ಎಲ್ಲರೂ ಎದುರಿಗೆ ನೋಡಿದರು. ರಸ್ತೆ ಖಾಲಿ. ಒಂದು ನಾಯಿ ಕೂಡ ಇರಲಿಲ್ಲ. ನಿಂಬೆಹಣ್ಣುಗಳು ಒಡೆಯದೆ ಹಾಗೇ ಇದ್ದವು. ಚಕ್ರದಡಿ ಒಡೆಯದ ನಿಂಬೆಹಣ್ಣನ್ನು ನಮ್ಮ ಬೀದಿಯಲ್ಲಿ ಯಾರೂ ನೋಡಿರಲಿಲ್ಲ.

"ಕಣ್ಣಿಗೆ ಕಾಣದ್ದು ಯಾವ್ದೋ ನಿಂತೈತೆ," ಎಂದಳು ನಮ್ಮ ಮನೆಗೆಲಸದ ಲಕ್ಷ್ಮಮ್ಮ, ತಗ್ಗಿದ ದನಿಯಲ್ಲಿ. "ಆ ಯಮ್ಮಂಗೆ ಕಾಣ್ತಾ ಐತೆ."

"ದೃಷ್ಟಿ," ಎಂದಳು ಸೊಣ್ಣಮ್ಮ. "ಯಾರದೋ ದೃಷ್ಟಿ ಅಡ್ಡ ನಿಂತೈತೆ. ಒಂದ್ ಕುಂಬ್ಳಕಾಯಿ ತಗಂಬನ್ರಿ."

ಕುಂಬಳಕಾಯಿ ಒಡೆಯಿತು. ಪಟ್ಟೆಗಳ ಮೇಲೆ ಇನ್ನಷ್ಟು ಅರಿಶಿನ ಬಿತ್ತು. ಕಾರು ಅರ್ಧ ಬೆರಳು ಹೋಗಿ ನಿಂತಿತು. ಅದೇ ಮಾತು. ಇನ್ನೊಂದು ಹಾರ ತಂದು ಮೊದಲನೆಯದರ ಮೇಲೆ ಕಟ್ಟಿದರು. ಈ ಸಲ ಅದು ಕದಲಲೇ ಇಲ್ಲ, ಪೀಂ ಪೀಂ ಮಾತ್ರ ಜೋರಾಯಿತು.

ಆಗ ವೇಣು ಗುಂಪಿನಿಂದ ಈಚೆ ಬಂದು, ಗಂಟಲು ಸರಿಮಾಡಿಕೊಂಡು ಹೇಳಿದ. "ಸಾರ್, ಶುಕ್ರವಾರ ನಾನು ಸ್ವಲ್ಪ ಹೊಟ್ಟೆ ಉರ್ಕೊಂಡೆ. ಸುಳ್ಳು ಯಾಕೆ ಹೇಳ್ಲಿ. ನಾನು ಬೇಕಾದ್ರೆ ಆ ಕಡೆ ರಸ್ತೆಗೆ ಹೋಗಿ ನಿಂತಿರ್ತೀನಿ."

ವೇಣು ಹೋದ. ಕಾರು ಕದಲಲಿಲ್ಲ. ಮೂರನೇ ಮನೆಯ ಬ್ಯಾಂಕಿನವರು ತಾವೂ ಸ್ವಲ್ಪ ಎಂದು ಹೊರಟರು. ಹೀಗೆ ಒಬ್ಬೊಬ್ಬರಾಗಿ ಒಪ್ಪಿಕೊಂಡು ಪಕ್ಕದ ರಸ್ತೆಗೆ ಹೋಗುತ್ತಾ ಹೋಗುತ್ತಾ, ನಮ್ಮ ಬೀದಿಗಿಂತ ಅಲ್ಲಿಯೇ ಜನ ಹೆಚ್ಚಾದರು.

ಆ ಹೊತ್ತಿಗೆ ರಘುವಿನ ಬೈಕು ಬಂತು.

ಅವನು ಇಳಿದು ನಿಂತ. ಬಾನೆಟ್ಟು ನೋಡಿದ, ಹಾರ ನೋಡಿದ, ಅರಿಶಿನದ ಕೈಯಲ್ಲಿ ನಿಂತಿದ್ದ ತಾಯಿಯನ್ನು ನೋಡಿದ. ಯಾರನ್ನೂ ಏನೂ ಕೇಳದೆ ಬಗ್ಗಿ, ಎರಡು ಹಾರಗಳನ್ನೂ ಮೂಗಿನ ಮೇಲಿಂದ ಎತ್ತಿ ಬಾನೆಟ್ಟಿನ ಮೇಲಕ್ಕೆ ಸರಿಸಿದ. ಪೀಂ ಪೀಂ ನಿಂತಿತು. ಕಾರು ಹೂವಿನಂತೆ ಮುಂದೆ ಹೋಯಿತು. ನಾಲ್ಕು ನಿಂಬೆಹಣ್ಣುಗಳೂ ಪಚಕ್ಕೆಂದವು. ಪಕ್ಕದ ರಸ್ತೆಯಿಂದ ಚಪ್ಪಾಳೆ ಕೇಳಿಸಿತು.

"ನನ್ ಮಗನ ಕೈಗುಣ," ಎಂದಳು ಸೊಣ್ಣಮ್ಮ.

ಜನ ಪ್ರಸಾದ ತೆಗೆದುಕೊಂಡು ಹೋದ ಮೇಲೆ ರಘು ಮನೆಯಿಂದ ಬಕೆಟ್ಟು, ಸೋಪಿನ ನೀರು ತಂದು ಬಾನೆಟ್ಟು ಉಜ್ಜತೊಡಗಿದ. ನಾನು ಮಹಡಿಯಿಂದ ನೋಡಿದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು ನಾನು. "ಸೋಪು ಬೇಡ," ಎನ್ನುತ್ತಾ ಎಪ್ಪತ್ತರ ಮಂಡಿಗಳಿಗೆ ಸಾಧ್ಯವಾದಷ್ಟು ಬೇಗ ಇಳಿದೆ. ಅಷ್ಟರಲ್ಲಿ ಅರಿಶಿನ ಸೋಪಿಗೆ ಸೇರಿ ಕಡುಗೆಂಪಾಗಿತ್ತು. ಹಾಲಿನ ಬಣ್ಣದ ಕಾರಿನ ಮೇಲೆ ರಕ್ತದ ಬಣ್ಣದ ಮೂರು ಪಟ್ಟೆ. ನಿಂಬೆರಸ ಹಾಕಿ ತಿಕ್ಕಿಸಿದೆ. ಕೆಂಪು ಹೋಗಿ ಮತ್ತೆ ಹಳದಿ ಬಂತು. ನನ್ನ ರಸಾಯನಶಾಸ್ತ್ರ ಅಲ್ಲಿಗೆ ಮುಗಿಯಿತು. ಹಳದಿ ಹೋಗಲಿಲ್ಲ. ಅದರ ಪಕ್ಕದಲ್ಲಿ ತೆಂಗಿನ ಚಿಪ್ಪು ಎಳೆದ ಒಂದು ಬೆರಳುದ್ದದ ಗೀರು ಚೆನ್ನಾಗಿ ಕಾಣುತ್ತಿತ್ತು.

"ಬುಡ್ಲಾ, ಅರಿಶ್ನ ಇದ್ರೆ ಲಕ್ಷಣ," ಎಂದಳು ಸೊಣ್ಣಮ್ಮ. ಆಮೇಲೆ ಮಗನ ಮುಖ ನೋಡಿದಳು. "ಯಾಕ್ಲಾ ಮಗ?"

ರಘು ಹೇಳಿದ. ಇನ್ನು ಗುಟ್ಟು ಉಳಿಸಿ ಏನಾಗಬೇಕಿತ್ತು.

ಸೊಣ್ಣಮ್ಮ ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. "ನನ್ ಕೈಯಾರೆ ನನ್ ಮಗನ ಕೆಲ್ಸ ತಗುದ್ನಾ ದೊಡ್ಡಮ್ಮ?"

ಕಾತ್ಯಾಯಿನಿ ಒಳಗಿನಿಂದ ನೀರು ತಂದು, ಅವಳ ಅರಿಶಿನದ ಕೈಗೆ ಲೋಟ ಕೊಡದೆ, ತಾನೇ ಎತ್ತಿ ಕುಡಿಸಿದಳು. ಎದುರಿನ ಬಾಲ್ಕನಿಯಲ್ಲಿ ಚಿಕ್ಕಬೈರಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು.

"ಮಂಗಳವಾರ ಎಂಟೂವರೆಗೆ ಅಂಗ್ಡಿ ಬಾಗ್ಲು ತೆಗೀಬೇಕು," ಎಂದು ಅಲ್ಲಿಂದಲೇ ಹೇಳಿ ಒಳಗೆ ಹೋದರು.

ಸೋಮವಾರ ಒಂಬತ್ತಕ್ಕೆ ನಾವು ಹೊರಟೆವು. ವೆಂಕಟಾಚಲ ಓಡಿಸಿದ, ರಘು ಪಕ್ಕದಲ್ಲಿ ಕೂತ, ನಾನೂ ಕಾತ್ಯಾಯಿನಿಯೂ ಹಿಂದೆ. ಕನಕಪುರ ರಸ್ತೆಯಲ್ಲಿ ವೈಪರುಗಳು ಎರಡು ಸಲ ಎದ್ದು ಕೈಬೀಸಿದವು.

ಯಾರ್ಡಿನಲ್ಲಿ ಉಳಿದ ನಾಲ್ಕು ಕಾರುಗಳು ಸಾಲಾಗಿ ಥಳಥಳ ಹೊಳೆಯುತ್ತಿದ್ದವು. ಐದನೆಯದಾಗಿ ನಮ್ಮದು ನಿಂತಾಗ ಮದುವೆಯ ಹುಡುಗಿಯರ ಸಾಲಿನಲ್ಲಿ ಅರಿಶಿನದೆಣ್ಣೆಯ ಶಾಸ್ತ್ರದಿಂದ ನೇರ ಎದ್ದು ಬಂದವಳ ಹಾಗಿತ್ತು. ಏಳು ಜನ ಡೀಲರುಗಳು ಕುರ್ಚಿಯಲ್ಲಿದ್ದರು. ರಘುವಿನ ಮೇಲಧಿಕಾರಿ ಶ್ವೇತಾ ಎಂಬ ಹೆಣ್ಣುಮಗಳು ಬಾನೆಟ್ಟನ್ನು ಒಮ್ಮೆ ನೋಡಿ, ಗೀರನ್ನು ಒಮ್ಮೆ ನೋಡಿ, ರಘುವಿನ ಕಡೆ ತಿರುಗಿದಳು.

"ನನ್ನ ತಪ್ಪು ಮೇಡಂ," ಎಂದ ರಘು.

ಬೇರೆ ನಾಲ್ಕು ಮನೆಯವರ ವರದಿ ಮೊದಲು ಓದಿದರು. ಸುಖಕರವಾಗಿದೆ, ನಯವಾಗಿದೆ, ಅತ್ಯುತ್ತಮವಾಗಿದೆ. ಡೀಲರುಗಳಲ್ಲಿ ಒಬ್ಬರು ಆಕಳಿಸಿದರು. ನಮ್ಮ ಸರದಿ ಬಂದಾಗ ವೆಂಕಟಾಚಲ ಎದ್ದು ನಿಂತ. ಫಾರಮ್ಮನ್ನು ಎಲ್ಲರಿಗೂ ಕಾಣುವಂತೆ ಹಿಡಿದ.

"ಮೊದಲು ಒಂದು ವಿಷಯ ಹೇಳ್ಬೇಕು. ಇದರಲ್ಲಿ ಮೂವತ್ತನಾಲ್ಕು ವರ್ಷ ಅನುಭವ ಅಂತ ಬರೆದಿದೀನಿ. ನಾನು ಜೀಪಿಗೆ ಚೀಟಿ ಬರೀತಿದ್ದೆ, ಓಡಿಸ್ತಿರ್ಲಿಲ್ಲ. ಜನ ಹೊಸ ಕಾರಾ ಅಂದ್ರು, ನಾನು ನಕ್ಕೆ. ನಕ್ಕಿದ್ದಕ್ಕೆ ಪೂಜೆ ಆಯ್ತು. ಗುಟ್ಟು ಕಾಯ್ಬೇಕು ಅಂತ ಈ ಹುಡುಗ ಹೆತ್ತ ತಾಯಿಗೂ ಹೇಳಿರ್ಲಿಲ್ಲ. ಪೂಜೆ ಮಾಡಿದ್ದು ಅದೇ ತಾಯಿ. ಅವನದೇನೂ ತಪ್ಪಿಲ್ಲ."

ಶ್ವೇತಾ ಪೆನ್ನು ಎತ್ತಿಕೊಂಡಳು. "ಸರಿ ಸಾರ್. ಕೂತ್ಕೊಳ್ಳಿ. ಕಾರಣ ಏನೇ ಇರ್ಲಿ, ಕಂಡೀಷನ್ ಮುರಿದಿದೆ."

"ಒಂದ್ ನಿಮಿಷ ಮೇಡಮ್ಮೋರೆ," ಎಂದರು ಆಕಳಿಸಿದವರು. ಅವರು ಮಂಡ್ಯದ ಡೀಲರು ವೆಂಕಟಸ್ವಾಮಿ, ಬಿಳಿ ಪಂಚೆ, ಹೆಗಲ ಮೇಲೆ ವಲ್ಲಿ. "ಯಜಮಾನ್ರೆ, ಪೂಜೆ ಆದ್ಮೇಲೆ ಗಾಡಿ ಹೆಂಗ್ ಓಯ್ತು?"

"ಹೋಗ್ಲಿಲ್ಲ," ಎಂದ ವೆಂಕಟಾಚಲ. "ಎದುರಿಗೆ ಅಡ್ಡ ಇದೆ ಅಂತ ನಿಂತ್ಬಿಡ್ತು. ನಿಂಬೆಹಣ್ಣೂ ಒಡೀಲಿಲ್ಲ. ಹಾರ ತೆಗೆದ್ಮೇಲೆ ಹೋಯ್ತು."

ವೆಂಕಟಸ್ವಾಮಿಯವರು ಕುರ್ಚಿಯಿಂದ ಎದ್ದರು. "ನಿಂಬೆಹಣ್ಣು ಒಡೀಲಿಲ್ವ?"

ರಸ್ತೆಯಾಚೆಯ ಅಂಗಡಿಯಿಂದ ಒಂದು ಚೆಂಡುಹೂವಿನ ಹಾರ ತರಿಸಿದರು. ಹೊಳೆಯುವ ನಾಲ್ಕು ಕಾರುಗಳಲ್ಲಿ ಮೊದಲನೆಯದಕ್ಕೆ, ಊರಿನಲ್ಲಿ ಕಟ್ಟುವ ಹಾಗೆ ಮೂಗಿಗೆ ಅಡ್ಡವಾಗಿ, ತಾವೇ ಕಟ್ಟಿದರು. ರಘು ಓಡಿಸಿದ. ಕಾರು ಗಕ್ಕನೆ ನಿಂತು ಪೀಂ ಪೀಂ ಎಂದಿತು. ಎರಡನೆಯದಕ್ಕೆ ಕಟ್ಟಿದರು. ಅದೂ ನಿಂತಿತು. ನಾಲ್ಕೂ ನಿಂತವು. ಎದುರಿಗೆ ಅಡ್ಡ ಬಂದದ್ದನ್ನು ನೋಡುವ, ಕಣ್ಣಿನಂತಿರುವ ಅವುಗಳ ಸೆನ್ಸರುಗಳನ್ನು ಆ ದೇಶದವರು, ನಾವು ಹಾರ ಹಾಕುವ ಜಾಗದಲ್ಲೇ ಸರಿಯಾಗಿ ಇಟ್ಟಿದ್ದರು.

"ಆಯುಧಪೂಜೆ ದಿವ್ಸ ನಾನು ನಲವತ್ ಗಾಡಿ ಡೆಲಿವರಿ ಕೊಡೋನು ಮೇಡಮ್ಮೋರೆ," ಎಂದರು ವೆಂಕಟಸ್ವಾಮಿ. "ನಲವತ್ತೂ ನನ್ ಬಾಗ್ಲಲ್ಲೇ ನಿಂತ್ಕಂಡು, ಅಡ್ಡ ಐತೆ ಅಂತ ಕೂಗಿದ್ರೆ, ಜನ ನಂಗೆ ಹಾರ ಹಾಕಿ ಕಳಿಸ್ತಾರೆ. ನಿಮ್ಮ ಎಂಜಿನಿಯರುಗಳು ಮರಳುಗಾಡಲ್ಲಿ ಓಡಿಸವ್ರೆ, ಹಿಮದಲ್ಲಿ ಓಡಿಸವ್ರೆ. ಒಬ್ರಾದ್ರೂ ಒಂದ್ ಮೊಳ ಹೂವು ಹಾಕಿದ್ರಾ? ಅರಿಶಿನ ಹತ್ಕಳೋ ಬಣ್ಣ ಬೇ‍ರೆ."

ತುಮಕೂರಿನವರು ತಲೆಯಾಡಿಸಿದರು. ಹಾಸನದವರು ಎದ್ದು ಬಂದು ಬಾನೆಟ್ಟಿನ ಪಟ್ಟೆಯನ್ನು ಉಗುರಿನಿಂದ ಕೆರೆದು ನೋಡಿದರು. ಶ್ವೇತಾ ಹೊರದೇಶಕ್ಕೆ ಫೋನು ಮಾಡಿ ಅರಿಶಿನ ಅಂದರೇನೆಂದು ಇಪ್ಪತ್ತು ನಿಮಿಷ ವಿವರಿಸಿದಳು. ಅದನ್ನು ಅಡುಗೆಗೂ ಹಾಕುತ್ತೇವೆ, ಕಾರಿಗೂ ಹಾಕುತ್ತೇವೆ ಎನ್ನುವಾಗ ಅವಳ ದನಿ ಸ್ವಲ್ಪ ಸೋತಿತ್ತು. ಆಮೇಲೆ ರಘುವನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು.

ಅದು ಒಂದೂವರೆ ಗಂಟೆಯ ಕಾಯುವಿಕೆ. ವೆಂಕಟಾಚಲ ಯಾರ್ಡಿನಲ್ಲಿ ಎಷ್ಟು ಸುತ್ತು ಹಾಕಿದನೋ ಲೆಕ್ಕವಿಲ್ಲ. ಕಾತ್ಯಾಯಿನಿ ಒಂದೇ ಸಮನೆ ಸೆರಗಿನ ತುದಿ ಸುತ್ತಿ ಬಿಚ್ಚುತ್ತಿದ್ದಳು. ಬಾಗಿಲು ತೆರೆದಾಗ ನಾವಿಬ್ಬರೂ ಎದ್ದು ನಿಂತೆವು, ಅವನೂ ಓಡಿ ಬಂದ.

"ಗೀರಿನ ವಿಷಯ ಇವರ ಫೈಲಲ್ಲಿ ಬರೆದಿದೀನಿ ಸಾರ್," ಎಂದಳು ಶ್ವೇತಾ. "ಅದನ್ನ ಬಿಡೋ ಹಾಗಿಲ್ಲ. ಕನ್ಫರ್ಮೇಷನ್ ಲೆಟರ್ರೂ ಅದೇ ಫೈಲಲ್ಲಿದೆ. ನಾಳೆಯಿಂದ ಏಳೂ ಡೀಲರ ಊರಿಗೆ ಹೋಗಿ, ಎಲ್ಲೆಲ್ಲಿ ಹೇಗೆ ಹೇಗೆ ಪೂಜೆ ಮಾಡ್ತಾರೆ ನೋಡ್ಕೊಂಡು ಬರೋದು ಇವರ ಡ್ಯೂಟಿ." ಒಂದು ಹೆಜ್ಜೆ ಹೋದವಳು ನಿಂತಳು. "ಆ ಕಾಫಿ ಟೆಸ್ಟು ಚೆನ್ನಾಗಿದೆ ಸಾರ್. ಉಳಿಸ್ಕೋತೀವಿ."

ರಘು ನಗಲೂ ಇಲ್ಲ, ಅಳಲೂ ಇಲ್ಲ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲದ ಹುಡುಗ, ಗೋಡೆಗೆ ಒರಗಿಕೊಂಡ.

ಆಗ ಗೇಟಿನಲ್ಲಿ ಒಂದು ಹಳೆಯ ಮೊಪೆಡ್ ಬಂದು ನಿಂತಿತು. ಚಿಕ್ಕಬೈರಪ್ಪನವರು. ಕಾವಲಿನವನು ಯಾರು ಬೇಕೆಂದು ಕೇಳಿದ.

"ನನ್ ಮಗ ಇಲ್ಲಿ ಕೆಲ್ಸ ಮಾಡ್ತವ್ನೆ," ಎಂದರು ಅವರು.

ಒಳಗೆ ಬಂದವರು ನಮ್ಮ ಕಡೆ ಒಮ್ಮೆ ತಲೆಯಾಡಿಸಿ, ಮಗನ ಮುಂದೆ ನಿಂತರು. ಬಾನೆಟ್ಟಿನ ಕಡೆ ನೋಡಲಿಲ್ಲ. ಸಭೆ ಏನಾಯಿತೆಂದು ಕೇಳಲಿಲ್ಲ.

"ಅಪ್ಪ, ಒಳಗಡೆ..." ಎಂದು ರಘು ಶುರುಮಾಡಿದ.

"ಆಮ್ಯಾಕೆ ಹೇಳೀವಂತೆ," ಎಂದರು. ಸೈಡ್ ಬ್ಯಾಗಿನಿಂದ ಟವಲಿನಲ್ಲಿ ಸುತ್ತಿದ್ದ ಮೂರು ಹಂತದ ಸ್ಟೀಲ್ ಕ್ಯಾರಿಯರ್ ತೆಗೆದು, ಇನ್ನೂ ಬಿಸಿಯಿದ್ದ ಅದನ್ನು ಮಗನ ಎರಡೂ ಕೈಗೆ ಕೊಟ್ಟರು.